ರೈಲಿನ ದುಡ್ಡು, ಹಳಿಯ ಸುರಕ್ಷತೆ: ದಾವಣಗೆರೆ–ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಚಿತ್ರದುರ್ಗದ ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ರೈಲ್ವೆ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ? ಟಿಕೆಟ್ ದುಡ್ಡಿನಲ್ಲೇ ನಡೆಯುತ್ತದೆಯೇ?

ಇಲ್ಲ. ರೈಲ್ವೆ ದುಡಿಯುವ ನೂರು ರೂಪಾಯಿಯಲ್ಲಿ ಸುಮಾರು 98 ರೂಪಾಯಿ ಸಂಬಳ, ಪಿಂಚಣಿ, ವಿದ್ಯುತ್ತು, ಡೀಸೆಲ್ಲು, ದಿನನಿತ್ಯದ ನಿರ್ವಹಣೆಗೇ ಹೋಗುತ್ತದೆ. ಉಳಿದ ಎರಡು ರೂಪಾಯಿಯಲ್ಲಿ ಹೊಸ ಹಳಿ ಹಾಕಲಾಗದು. ಹೀಗಾಗಿ ಹೊಸ ಮಾರ್ಗ, ಜೋಡಿ ಹಳಿ, ಸೇತುವೆ, ಸಿಗ್ನಲ್ ಇವಕ್ಕೆಲ್ಲ ಕೇಂದ್ರ ಸರ್ಕಾರ ತನ್ನ ಬಜೆಟ್ಟಿನಿಂದ ಬಂಡವಾಳ ಕೊಡುತ್ತದೆ. 2025-26ರಲ್ಲಿ ಹೀಗೆ ತೆಗೆದಿಟ್ಟ ಮೊತ್ತ ಸುಮಾರು 2.52 ಲಕ್ಷ ಕೋಟಿ ರೂಪಾಯಿ. ಎಂದೂ ರೈಲು ಹತ್ತದವರ ತೆರಿಗೆಯೂ ಅದರಲ್ಲಿ ಸೇರಿದೆ.

ಮೊದಲು ರೈಲ್ವೆಗೆ ಪ್ರತ್ಯೇಕ ಬಜೆಟ್ ಇತ್ತು. 2017-18ರಿಂದ ಅದು ಸಾಮಾನ್ಯ ಬಜೆಟ್ಟಿನೊಳಗೆ ಸೇರಿದೆ. ಅಂದಿನಿಂದ ಸಂಸತ್ತಿನಲ್ಲಿ ಮಾರ್ಗಗಳ ಹೆಸರು ಓದುವ ದೊಡ್ಡ ಭಾಷಣ ನಿಂತಿತು. ನಮ್ಮ ಊರಿನ ಹೆಸರು ಬಂತೇ ಎಂದು ರೇಡಿಯೊಗೆ ಕಿವಿ ಹಚ್ಚಿ ಕೂರುತ್ತಿದ್ದವರು ಈಗ ಬಜೆಟ್ ಜೊತೆಗಿನ ಪುಸ್ತಕವನ್ನೇ ನೋಡಬೇಕು.

ಕರ್ನಾಟಕಕ್ಕೆ 7,564 ಕೋಟಿ ಎಂದು ಪತ್ರಿಕೆಯಲ್ಲಿ ಬಂತು. ಅದರಲ್ಲಿ ನಮ್ಮ ಜಿಲ್ಲೆಗೆ ಎಷ್ಟು?

ಅದು 2025-26ರ ಅಂಕಿ. 2009ರಿಂದ 2014ರವರೆಗೆ ರಾಜ್ಯಕ್ಕೆ ವರ್ಷಕ್ಕೆ ಸರಾಸರಿ 835 ಕೋಟಿ ಸಿಗುತ್ತಿತ್ತು. ಆ ಲೆಕ್ಕದಲ್ಲಿ ಏರಿಕೆ ದೊಡ್ಡದು. ಆದರೆ ರೈಲ್ವೆ ಜಿಲ್ಲಾವಾರು ಹಣ ಹಂಚುವುದಿಲ್ಲ, ಕಾಮಗಾರಿವಾರು ಕೊಡುತ್ತದೆ. ಯಾವ ಕಾಮಗಾರಿಗೆ ಎಷ್ಟು ಎಂಬುದು ಪ್ರತಿ ವಲಯದ ‘ಪಿಂಕ್ ಬುಕ್’ನಲ್ಲಿ ಇರುತ್ತದೆ. ನಮ್ಮದು ಹುಬ್ಬಳ್ಳಿಯಲ್ಲಿ ಪ್ರಧಾನ ಕಚೇರಿ ಇರುವ ನೈಋತ್ಯ ರೈಲ್ವೆ ವಲಯ, ಅದರೊಳಗೆ ಮೈಸೂರು ವಿಭಾಗ.

ಆ ಪುಸ್ತಕವನ್ನು ಓದುವಾಗ ಮೂರು ಅಂಕಣ ನೋಡಿ: ಕಾಮಗಾರಿಯ ಒಟ್ಟು ಅಂದಾಜು, ಇದುವರೆಗಿನ ಖರ್ಚು, ಈ ವರ್ಷದ ಅನುದಾನ. ಕೆಲವು ಸಾಲುಗಳ ಮುಂದೆ ಬರೀ ಒಂದು ಸಾವಿರ ರೂಪಾಯಿ ಇರುತ್ತದೆ. ಅದು ಅಚ್ಚಿನ ತಪ್ಪಲ್ಲ. ಕಾಮಗಾರಿಯ ಹೆಸರು ಪಟ್ಟಿಯಿಂದ ಬಿದ್ದುಹೋಗದಿರಲಿ ಎಂದು ಇಟ್ಟ ಸಾಂಕೇತಿಕ ಮೊತ್ತ. ‘ನಮ್ಮ ಮಾರ್ಗ ಬಜೆಟ್ಟಿನಲ್ಲಿ ಬಂತು’ ಎಂದು ಪಟಾಕಿ ಹೊಡೆಯುವ ಮೊದಲು ಆ ಮೂರನೆಯ ಅಂಕಣ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ ನಾವು ಹಲವು ಸಲ ನೊಂದಿದ್ದೇವೆ.

ಚಿತ್ರದುರ್ಗದಲ್ಲಿ ಈಗಾಗಲೇ ರೈಲು ನಿಲ್ದಾಣ ಇದೆಯಲ್ಲ, ಮತ್ತೆ ಹೊಸ ಮಾರ್ಗ ಏಕೆ?

ಇದೆ, ಆದರೆ ಅದು ಚಿಕ್ಕಜಾಜೂರಿನಿಂದ ರಾಯದುರ್ಗ, ಬಳ್ಳಾರಿ ಕಡೆಗೆ ಹೋಗುವ ಮಾರ್ಗದಲ್ಲಿದೆ. ದುರ್ಗದವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕೆಂದರೆ ಮೊದಲು ಪಶ್ಚಿಮಕ್ಕೆ ಚಿಕ್ಕಜಾಜೂರಿಗೆ ಹೋಗಿ, ಅಲ್ಲಿಂದ ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಸುತ್ತಿಕೊಂಡು ತುಮಕೂರು ಸೇರಬೇಕು. ಬಸ್ಸು ಹೆದ್ದಾರಿಯಲ್ಲಿ ಹಿರಿಯೂರು, ಶಿರಾ ದಾಟಿ ನೆಟ್ಟಗೆ ಹೋಗುತ್ತದೆ. ಯಾರು ತಾನೇ ರೈಲು ಹತ್ತುತ್ತಾರೆ?

ತುಮಕೂರು–ಶಿರಾ–ಹಿರಿಯೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಈ ಸುತ್ತನ್ನು ಕಳೆಯುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಉಳಿಯುತ್ತದೆ. ಹಿರಿಯೂರು, ಶಿರಾ, ಭರಮಸಾಗರಗಳಿಗೆ ರೈಲು ಬರುವುದು ಇದೇ ಮೊದಲು.

2011ರಲ್ಲಿ ಮಂಜೂರಾದ ಮಾರ್ಗ ಇಷ್ಟು ವರ್ಷವಾದರೂ ಏಕೆ ಎಳೆಯುತ್ತಿದೆ?

2011-12ರ ರೈಲ್ವೆ ಬಜೆಟ್ಟಿನಲ್ಲಿ ಸೇರಿದ, ಸುಮಾರು 191 ಕಿ.ಮೀ. ಉದ್ದದ ಮಾರ್ಗ ಇದು. ಕಾಮಗಾರಿಯ ವೆಚ್ಚದಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಭೂಮಿಯನ್ನು ರಾಜ್ಯವೇ ಉಚಿತವಾಗಿ ಕೊಡಬೇಕು. ಈ ಒಪ್ಪಂದದಿಂದಲೇ ಮಾರ್ಗ ಮಂಜೂರಾಯಿತು, ಕಾಲು ತೊಡರಿದ್ದೂ ಇದರಿಂದಲೇ. ಅರ್ಧ ಕಿಲೋಮೀಟರ್ ಜಮೀನು ಸಿಗದಿದ್ದರೂ ಅದರ ಎರಡೂ ಬದಿಯ ಮಣ್ಣಿನ ಏರಿ ಸುಮ್ಮನೆ ನಿಲ್ಲುತ್ತದೆ. ಏರಿಯ ಮೇಲೆ ಹುಲ್ಲು ಬೆಳೆಯುತ್ತದೆ, ಒಂದೆರಡು ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ, ಗುತ್ತಿಗೆದಾರರು ಹಳೆಯ ದರಕ್ಕೆ ಒಲ್ಲೆನೆನ್ನುತ್ತಾರೆ. ಹೀಗೆ ಆರಂಭದಲ್ಲಿ ಸುಮಾರು 1,800 ಕೋಟಿಯಿದ್ದ ಅಂದಾಜು 2,000 ಕೋಟಿ ದಾಟಿತು.

ಮೊದಲ ಹಲವು ವರ್ಷ ದುಡ್ಡಿಗಿಂತ ಹೆಚ್ಚಾಗಿ ಜಮೀನೇ ಕೊರತೆಯಾಯಿತು ಎಂಬುದು ನನ್ನ ಅಭಿಪ್ರಾಯ. ಮಂಜೂರಾತಿಗೆ ಹೋರಾಡಿದಷ್ಟು ಹುರುಪಿನಿಂದ ನಾವು ತಾಲ್ಲೂಕು ಕಚೇರಿಯ ಭೂಸ್ವಾಧೀನ ಕಡತದ ಬೆನ್ನು ಹತ್ತಲಿಲ್ಲ.

ನಮ್ಮ ಹೊಲದಲ್ಲಿ ಕಲ್ಲು ನೆಟ್ಟು ಹೋದರು. ಪರಿಹಾರ ರೈಲ್ವೆ ಕೊಡುತ್ತದೆಯೋ, ರಾಜ್ಯ ಸರ್ಕಾರವೋ?

ಈ ಮಾರ್ಗದಲ್ಲಿ ರಾಜ್ಯ ಸರ್ಕಾರ. ರೈಲ್ವೆ ಎಂಜಿನಿಯರರನ್ನು ಕೇಳಿ ಪ್ರಯೋಜನವಿಲ್ಲ, ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಗೆ ಹೋಗಿ. ಯಾವ ಕಾಯ್ದೆಯಡಿ ಭೂಮಿ ತೆಗೆದುಕೊಳ್ಳುತ್ತಿದ್ದಾರೆ ಎಂಬುದು ನೋಟಿಸಿನ ಮೊದಲ ಸಾಲುಗಳಲ್ಲೇ ಇರುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಾದರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು, ನಿಗದಿಯಾದ ಮೌಲ್ಯದ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನವೂ ಸೇರುತ್ತದೆ.

ಪಹಣಿಯಲ್ಲಿ ತಾತನ ಹೆಸರೇ ಇದ್ದರೆ ಇಂದೇ ಪೌತಿ ಖಾತೆ ಮಾಡಿಸಿ. ಅಡಿಕೆ, ತೆಂಗು, ಕೊಳವೆಬಾವಿ, ಪೈಪ್‌ಲೈನ್ ಎಲ್ಲವೂ ಜಂಟಿ ಅಳತೆಯ ವರದಿಯಲ್ಲಿ ಬರಬೇಕು. ಅಳತೆಯ ದಿನ ಹೊಲದಲ್ಲಿ ನೀವೇ ನಿಂತಿರಿ. ಸಹಿ ಹಾಕುವ ಮೊದಲು ಮರಗಳ ಎಣಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳಿ.

## ಗೇಟು, ಮೇಲ್ಸೇತುವೆ, ಕೆಳಸೇತುವೆ

ರೈಲು ಕಣ್ಣಿಗೇ ಕಾಣುವುದಿಲ್ಲ, ಅಷ್ಟು ಬೇಗ ಗೇಟ್ ಏಕೆ ಹಾಕುತ್ತಾರೆ?

ಒಮ್ಮೆ ಮಳೆ ಬಂದಾಗ ಗೇಟಿನ ಕೋಣೆಯ ಸೂರಿನಡಿ ಅರ್ಧ ಗಂಟೆ ನಿಂತಿದ್ದೆ. ಫೋನ್ ಗಂಟೆ ಬಾರಿಸಿತು. ಆಚೆ ಬದಿಯ ಸ್ಟೇಷನ್ ಮಾಸ್ಟರ್ ರೈಲಿನ ಸಂಖ್ಯೆ ಹೇಳಿದರು. ಗೇಟ್‌ಮನ್ ಎರಡೂ ಬದಿ ನೋಡಿ, ಒಂದು ಟ್ರ್ಯಾಕ್ಟರ್ ದಾಟುವವರೆಗೆ ಕೈ ಅಡ್ಡ ಹಿಡಿದು, ಗೇಟ್ ಇಳಿಸಿ ಬೀಗ ಹಾಕಿದರು. ಒಳಗೆ ಬಂದು ‘ಪ್ರೈವೇಟ್ ನಂಬರ್’ ಎಂದು ಎರಡಂಕಿಯ ಸಂಖ್ಯೆಯೊಂದನ್ನು ಫೋನಿನಲ್ಲಿ ಹೇಳಿ, ಸಮಯದೊಂದಿಗೆ ಪುಸ್ತಕದಲ್ಲಿ ಬರೆದರು. ಗೇಟ್ ನಿಜವಾಗಿ ಹಾಕಿದೆ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಅದು ಸಿಕ್ಕ ಮೇಲೆಯೇ ರೈಲಿಗೆ ದಾರಿ.

ಇಂಟರ್‌ಲಾಕ್ ಇರುವ ಗೇಟಿನಲ್ಲಿ ಈ ಕೆಲಸವನ್ನು ಯಂತ್ರವೂ ಕಾಯುತ್ತದೆ. ಗೇಟ್ ಮುಚ್ಚಿ ಬೀಗ ಬೀಳದೆ ಸಿಗ್ನಲ್ ಹಸಿರಾಗದು, ಹಸಿರಾದ ಮೇಲೆ ರೈಲು ದಾಟುವವರೆಗೆ ಗೇಟ್ ತೆರೆಯದು. ವೇಗವಾಗಿ ಬರುವ ರೈಲು ನಿಲ್ಲಲು ಬಹಳ ದೂರ ಬೇಕಾದ್ದರಿಂದ ಸಿಗ್ನಲ್ಲನ್ನು ಮೊದಲೇ ಕೊಡಲೇಬೇಕು. ಜೋಡಿ ಹಳಿ ಬಂದ ಮೇಲೆ ಒಂದು ರೈಲು ಹೋದ ತಕ್ಷಣ ಎದುರಿನದೂ ಬರಬಹುದು. ಆಗ ಕಾಯುವುದು ಇನ್ನೂ ಹೆಚ್ಚುತ್ತದೆ. ಗೇಟ್‌ಮನ್ ಮೇಲೆ ರೇಗಬೇಡಿ, ಅವರ ಕೈಯಲ್ಲಿ ಏನೂ ಇಲ್ಲ.

2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಬಳಿ ಶಾಲಾ ವಾಹನಕ್ಕೆ ರೈಲು ಬಡಿದು ಮಕ್ಕಳು ಸತ್ತರು. ಆ ಗೇಟಿಗೆ ಇಂಟರ್‌ಲಾಕ್ ಇರಲಿಲ್ಲ. ಆ ಬಳಿಕ ಇಂಟರ್‌ಲಾಕ್ ಅಳವಡಿಸಲು ಬೇಕಾದ ಸಂಚಾರದ ಮಿತಿಯನ್ನು 20,000 ಟಿವಿಯುನಿಂದ (ಗೇಟಿನ ರೈಲು–ವಾಹನ ಸಂಚಾರದ ಲೆಕ್ಕ, ಮುಂದಿನ ಉತ್ತರದಲ್ಲಿ ವಿವರಿಸಿದ್ದೇನೆ) 10,000ಕ್ಕೆ ಇಳಿಸಿದರು, ಗೇಟುಗಳಿಗೆ ಸಿಸಿಟಿವಿ ಹಾಕಲು ಆದೇಶಿಸಿದರು. ನಿಮ್ಮೂರ ಗೇಟಿಗೆ ಇಂಟರ್‌ಲಾಕ್ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮೇಲ್ಸೇತುವೆಗಿಂತ ಬಹಳ ಕಡಿಮೆ ದುಡ್ಡಿನಲ್ಲಿ, ಬಹಳ ಬೇಗ ಆಗುವ ಕೆಲಸ ಅದು.

ಟಿವಿಯು ಸಾಲದು, ಮೇಲ್ಸೇತುವೆ ಕೊಡಲಾಗದು ಎಂದರು. ಏನದು ಟಿವಿಯು?

ಇಪ್ಪತ್ನಾಲ್ಕು ಗಂಟೆಯಲ್ಲಿ ಗೇಟ್ ದಾಟುವ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಲೆಕ್ಕದಿಂದ ಗುಣಿಸಿದರೆ ಬರುವುದು ಟಿವಿಯು. ವಾಹನಗಳನ್ನು ಎಣಿಸುವಾಗ ಕಾರು, ಬಸ್ಸು, ಲಾರಿ, ಎತ್ತಿನ ಗಾಡಿ ತಲಾ ಒಂದು, ಆಟೊ ಅರ್ಧ, ಬೈಕು ಮತ್ತು ಸೈಕಲ್ಲು ಕಾಲು. ಒಂದು ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಅರ್ಧರ್ಧ ವೆಚ್ಚದಲ್ಲಿ ಮೇಲ್ಸೇತುವೆ ಕಟ್ಟುವುದು ಬಹುಕಾಲದಿಂದ ಬಂದ ರೂಢಿ. ರೈಲ್ವೆಯೇ ಪೂರ್ತಿ ವೆಚ್ಚ ಭರಿಸುವ ಕಾಮಗಾರಿಗಳೂ ಇವೆ.

ಉದಾಹರಣೆಗೆ ದಿನಕ್ಕೆ 60 ರೈಲು, 900 ಕಾರು–ಲಾರಿ, 200 ಆಟೊ, 2,400 ಬೈಕು ಎಂದುಕೊಳ್ಳಿ. ವಾಹನದ ಲೆಕ್ಕ 900 ಕೂಡಿಸು 100 ಕೂಡಿಸು 600, ಅಂದರೆ 1,600. ಅದನ್ನು ಅರವತ್ತರಿಂದ ಗುಣಿಸಿದರೆ 96,000. ನಾಲ್ಕು ಸಾವಿರಕ್ಕೆ ಸೇತುವೆ ತಪ್ಪಿತು.

ನಮಗೆ ಪರಿಚಯದ ಹಳ್ಳಿಯೊಂದರಲ್ಲಿ ಗಣತಿ ನಡೆದದ್ದು ಏಪ್ರಿಲ್‌ನಲ್ಲಿ. ಹೊಲಗಳು ಖಾಲಿ, ಶಾಲೆಗೆ ರಜೆ. ಅದೇ ಗೇಟಿನಲ್ಲಿ ನವೆಂಬರ್ ಬಂತೆಂದರೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರುಗಳು ದಾವಣಗೆರೆ ಎಪಿಎಂಸಿಯ ದಾರಿ ಹಿಡಿದು ಸಾಲುಗಟ್ಟಿ ನಿಲ್ಲುತ್ತವೆ. ಊರಿನವರು ಒಂದು ವಾರ ಸರದಿ ಪ್ರಕಾರ ಗೇಟಿನ ಬಳಿ ಕೂತು ನೋಟ್‌ಬುಕ್ಕಿನಲ್ಲಿ ವಾಹನ ಎಣಿಸಿ, ಸುಗ್ಗಿಯಲ್ಲಿ ಮರುಗಣತಿ ಮಾಡಿ ಎಂದು ಅರ್ಜಿ ಕೊಟ್ಟರು. ಇದನ್ನು ಎಲ್ಲ ಊರುಗಳೂ ಮಾಡಬಹುದು.

ಹಳಿಯ ಮೇಲೆ ಸೇತುವೆ ನಿಂತಿದೆ, ಹತ್ತಲು ರಸ್ತೆಯೇ ಇಲ್ಲ. ಇದೆಂಥ ಕೆಲಸ?

ಹಳಿಯ ಮೇಲಿನ ತುಂಡು ರೈಲ್ವೆಯ ಪಾಲು, ಎರಡೂ ಬದಿಯ ಏರುರಸ್ತೆ ರಾಜ್ಯದ ಪಾಲು ಎಂದು ಹಂಚಿಕೊಂಡಾಗ ಹೀಗಾಗುತ್ತದೆ. ಎರಡು ಇಲಾಖೆ, ಎರಡು ಟೆಂಡರು, ಎರಡು ಖಜಾನೆ. ಏರುರಸ್ತೆಗೆ ಅಂಗಡಿ, ಮನೆಗಳ ಜಾಗ ಬೇಕಾಗುತ್ತದೆ, ಅದು ನ್ಯಾಯಾಲಯದ ಮೆಟ್ಟಿಲೇರುತ್ತದೆ. ಇಡೀ ಸೇತುವೆಯನ್ನು ಒಂದೇ ಸಂಸ್ಥೆಗೆ ಒಪ್ಪಿಸುವುದು ಇದಕ್ಕೆ ಮದ್ದು. ಮನವಿಯಲ್ಲಿ ಈ ಮಾತನ್ನು ಬಿಡದೆ ಬರೆಯಿರಿ.

ಗೇಟ್ ತೆಗೆದು ಅಂಡರ್‌ಪಾಸ್ ಕೊಟ್ಟರು. ಮಳೆಗಾಲದಲ್ಲಿ ಸೊಂಟದಷ್ಟು ನೀರು. ಇದನ್ನು ಸುರಕ್ಷತೆ ಎನ್ನಬೇಕೇ?

ಎನ್ನಲಾಗದು. ಗೇಟ್ ಅಪಘಾತ ತಪ್ಪಿತು, ನಿಜ. ಆದರೆ ಗರ್ಭಿಣಿಯನ್ನು ಕರೆದೊಯ್ಯುವ ಆಂಬುಲೆನ್ಸ್ ನೀರಿನ ಅಂಚಿನಲ್ಲಿ ನಿಂತರೆ ಅದು ಬೇರೆ ರೂಪದ ಅಪಾಯ. ಅಶೋಕ ಟಾಕೀಸ್ ಬಳಿಯ ಗೇಟಿನಲ್ಲಿ ಕಾದು ಕಾದು ಬೇಸತ್ತ ದಾವಣಗೆರೆಯವರಿಗೆ ಗೇಟಿನ ಕಷ್ಟ ಹೇಳಿಕೊಡಬೇಕಿಲ್ಲ. ಗೇಟ್ ಹೋಗಲಿ ಎಂಬ ಆಸೆಯಲ್ಲಿ ಬದಲಿಗೆ ಏನು ಬರುತ್ತದೆ ಎಂಬುದನ್ನು ನೋಡದೆ ಒಪ್ಪಬಾರದು ಎಂಬುದಷ್ಟೇ ನನ್ನ ಮಾತು.

ನಕ್ಷೆಯ ಹಂತದಲ್ಲೇ ಕೇಳಬೇಕು: ನೀರು ತಾನಾಗಿ ಹರಿದುಹೋಗುವ ಹಳ್ಳ ಯಾವ ಕಡೆ ಇದೆ? ಚರಂಡಿ ಅಲ್ಲಿಗೆ ಮುಟ್ಟುತ್ತದೆಯೇ? ಮುಟ್ಟದಿದ್ದರೆ ಗುಂಡಿ, ಪಂಪು ಬೇಕು. ಪಂಪಿನ ವಿದ್ಯುತ್ ಬಿಲ್ಲನ್ನು ಪಂಚಾಯಿತಿ ಕಟ್ಟುತ್ತದೆಯೋ, ರೈಲ್ವೆಯೋ? ಇದನ್ನು ಬರಹದಲ್ಲಿ ಪಡೆಯಿರಿ. ಒಂದು ಕಡೆ ಪಂಪು ಇದ್ದೂ, ಅದರ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ತಿಳಿಯದೆ ಎರಡು ದಿನ ಮಕ್ಕಳು ಶಾಲೆಗೆ ಹೋಗದಿದ್ದುದನ್ನು ನೋಡಿದ್ದೇನೆ. ಎತ್ತರವನ್ನೂ ಕೇಳಿ. ಮೇವು ಹೇರಿದ ಟ್ರ್ಯಾಕ್ಟರ್, ಕೊಯ್ಲು ಯಂತ್ರ ನುಸುಳಬೇಕು.

ಗೇಟ್ ಹಾಕಿದ್ದಾಗ ಬೈಕ್ ಬಗ್ಗಿಸಿ ದಾಟಿದರೆ ಶಿಕ್ಷೆ ಇದೆಯೇ?

ಇದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಮುಚ್ಚಿದ ಗೇಟನ್ನು ತೆರೆದರೆ ಮೂರು ವರ್ಷ, ಮುರಿದರೆ ಐದು ವರ್ಷದವರೆಗೆ ಸಜೆಯಾಗಬಹುದು.

## ಸುರಕ್ಷತೆಯ ನಿಧಿ, ಇನ್ನಷ್ಟು ಒಳಹೊಕ್ಕು

ಸುರಕ್ಷತೆಗೆಂದೇ ಬೇರೆ ಹಣ ಇದೆಯೇ?

2001ರಲ್ಲಿ ನ್ಯಾಯಮೂರ್ತಿ ಖನ್ನಾ ಸಮಿತಿಯ ವರದಿಯ ಬಳಿಕ 17,000 ಕೋಟಿಯ ವಿಶೇಷ ಸುರಕ್ಷತಾ ನಿಧಿ ಮಾಡಿದರು. ಅದಕ್ಕಾಗಿ ಟಿಕೆಟ್ ಮೇಲೆ ಅಧಿಶುಲ್ಕವನ್ನೂ ಹಾಕಿದ್ದರು. ಹಳಸಿದ ಹಳಿ, ಸೇತುವೆ, ಸಿಗ್ನಲ್ ಬದಲಿಸುವುದು ಅದರ ಕೆಲಸ. 2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ಬೇಕೆಂದಿತು. 2017-18ರಲ್ಲಿ ಅಷ್ಟೇ ಮೊತ್ತದ ‘ರಾಷ್ಟ್ರೀಯ ರೈಲು ಸಂರಕ್ಷಾ ಕೋಶ’ ಬಂತು: ವರ್ಷಕ್ಕೆ ಬಜೆಟ್ಟಿನಿಂದ 15,000 ಕೋಟಿ, ರೈಲ್ವೆಯ ಸ್ವಂತ ಗಳಿಕೆಯಿಂದ 5,000 ಕೋಟಿ. 2022-23ರಿಂದ ಅದನ್ನು ಇನ್ನೂ ಐದು ವರ್ಷಕ್ಕೆ ಮುಂದುವರಿಸಿದ್ದಾರೆ.

ಆ ಸುರಕ್ಷತಾ ನಿಧಿಯಲ್ಲಿ ಕಾಲು ಒತ್ತುವ ಯಂತ್ರ ಕೊಂಡರಂತೆ, ನಿಜವೇ?

ನಿಜ. ರೈಲು ಹಳಿ ತಪ್ಪಿದ ಪ್ರಕರಣಗಳ ಬಗ್ಗೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2022ರಲ್ಲಿ ಕೊಟ್ಟ ವರದಿಯಲ್ಲಿ ಇದು ದಾಖಲಾಗಿದೆ. ಪತ್ರಿಕೆಗಳು ಆ ಯಂತ್ರದ ಸುದ್ದಿಯನ್ನೇ ಹಿಡಿದುಕೊಂಡವು. ಅದೇ ವರದಿಯ ಇನ್ನೊಂದು ಅಂಶ ನನಗೆ ಹೆಚ್ಚು ನೋವು ತರುತ್ತದೆ: 2017ರಿಂದ 2021ರವರೆಗೆ ರೈಲ್ವೆ ತನ್ನ ಗಳಿಕೆಯಿಂದ ನಿಧಿಗೆ ಹಾಕಬೇಕಿದ್ದ 20,000 ಕೋಟಿಯಲ್ಲಿ 15,775 ಕೋಟಿ ಹಾಕಲೇ ಇಲ್ಲ. ನೂರರಲ್ಲಿ 98 ರೂಪಾಯಿ ದಿನದ ಖರ್ಚಿಗೇ ಹೋದರೆ ಹಾಕುವುದಾದರೂ ಎಲ್ಲಿಂದ? ದುಂದುವೆಚ್ಚವನ್ನು ಒಂದು ಸುತ್ತೋಲೆಯಿಂದ ನಿಲ್ಲಿಸಬಹುದು. ಈ ಕೊರತೆಯನ್ನು ಸರಿಪಡಿಸಲು ರೈಲ್ವೆಯ ಆದಾಯದ ಬುಡವೇ ಬದಲಾಗಬೇಕು, ಇಲ್ಲವೇ ಬಜೆಟ್ಟು ಅದನ್ನು ನೇರವಾಗಿ ಹೊರಬೇಕು.

ಸುರಕ್ಷತೆಗೆ ವರ್ಷಕ್ಕೆ 1.16 ಲಕ್ಷ ಕೋಟಿ ಎನ್ನುತ್ತಾರೆ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲವಲ್ಲ?

2025-26ರ ಆ ಅಂಕಿಯಲ್ಲಿ ಹಳಿ, ಎಂಜಿನ್, ಬೋಗಿಗಳ ದಿನನಿತ್ಯದ ನಿರ್ವಹಣೆಯೂ ಸೇರಿದೆ. ಅದಕ್ಕೇ ಅದು ಅಷ್ಟು ದೊಡ್ಡದು. ಬೆಳಗಿನ ಏಳರ ಹೊತ್ತಿಗೆ ಮಾಯಕೊಂಡದ ಕಡೆ ಹಳಿ ಪಕ್ಕದ ದಾರಿಯಲ್ಲಿ ನಿಂತರೆ ಆ ದುಡ್ಡು ಕಾಣುತ್ತದೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಕೀಮ್ಯಾನ್ ಒಬ್ಬರು ಸುತ್ತಿಗೆ, ಸ್ಪ್ಯಾನರ್, ಕೆಂಪು–ಹಸಿರು ಬಾವುಟ ಹಿಡಿದು ನಡೆಯುತ್ತಿರುತ್ತಾರೆ. ಸಡಿಲಾದ ಕ್ಲಿಪ್ಪಿಗೆ ಸುತ್ತಿಗೆಯ ಏಟು ಹಾಕುತ್ತಾರೆ, ಬೆಸುಗೆಯ ಬಳಿ ಬಗ್ಗಿ ನೋಡುತ್ತಾರೆ. ಬಿರುಕು ಕಂಡರೆ ರೈಲು ನಿಲ್ಲಿಸುವುದು ಅವರದೇ ಹೊಣೆ. ಹಳಿಯ ಮೇಲೆ ಇಡಲು ಚೀಲದಲ್ಲಿ ಪಟಾಕಿಗಳಿರುತ್ತವೆ: 600 ಮೀಟರ್ ದೂರದಲ್ಲಿ ಒಂದು, 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಮೂರು. ಚಕ್ರ ಹತ್ತಿದಾಗ ಸದ್ದು ಕೇಳಿ ಲೋಕೊ ಪೈಲಟ್ ನಿಲ್ಲಿಸುತ್ತಾರೆ. ಚಳಿಯಲ್ಲಿ ಹಳಿ ಕುಗ್ಗಿ ಬಿರುಕು ಬಿಡುತ್ತದೆ, ಬಿಸಿಲಿನಲ್ಲಿ ಹಿಗ್ಗಿ ಸೊಟ್ಟಗಾಗುತ್ತದೆ. ಎರಡೂ ಕಾಲದಲ್ಲಿ ಗಸ್ತು ಹೆಚ್ಚುತ್ತದೆ.

ದೇಶದಲ್ಲಿ 2000-01ರಲ್ಲಿ 473 ಇದ್ದ ಗಂಭೀರ ರೈಲು ಅಪಘಾತಗಳು 2024-25ರಲ್ಲಿ 31ಕ್ಕೆ ಇಳಿದಿವೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದುಹಾಕಿದ್ದು, ಹಳಿ ಬದಲಾವಣೆ, ಹೊಸ ಬೋಗಿಗಳು ಇವೆಲ್ಲದರ ಫಲ ಅದು. ಹಳಿ ಕಾಯುವವರ ಹುದ್ದೆ ಖಾಲಿ ಬಿಟ್ಟು ನಿಲ್ದಾಣಕ್ಕೆ ಬಣ್ಣ ಬಳಿಯುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಅಮೃತ ಭಾರತ್ ನಿಲ್ದಾಣದ ದುಡ್ಡನ್ನು ಗೇಟಿಗೆ ಹಾಕಬಾರದೇ?

ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರೂ ನಿಲ್ದಾಣಗಳನ್ನು ನವೀಕರಿಸುವ ಆ ಯೋಜನೆಯಲ್ಲಿವೆ. ಆದರೆ ಪ್ರಯಾಣಿಕರ ಸೌಲಭ್ಯ, ಗೇಟು–ಸೇತುವೆ, ಹಳಿ ನವೀಕರಣ, ಸಿಗ್ನಲ್ ಇವೆಲ್ಲ ಬೇರೆ ಬೇರೆ ಲೆಕ್ಕ ಶೀರ್ಷಿಕೆಗಳು. ವಿಭಾಗದ ಅಧಿಕಾರಿ ಮನಸ್ಸು ಮಾಡಿದರೂ ಒಂದರ ಹಣ ಇನ್ನೊಂದಕ್ಕೆ ಹಾಕಲಾಗದು. ನಿಲ್ದಾಣದ ಹಣದಲ್ಲಿಯೂ ಸುರಕ್ಷತೆ ಕೇಳಲು ಜಾಗವಿದೆ: ಅಗಲವಾದ ಮೇಲುದಾರಿ, ಲಿಫ್ಟು, ಬೋಗಿಯ ಬಾಗಿಲಿನ ಮಟ್ಟಕ್ಕೆ ಬರುವ ಪ್ಲಾಟ್‌ಫಾರಂ. ಮೊಣಕಾಲು ನೋವಿನ ಅಜ್ಜಿಯರು ಮೆಟ್ಟಿಲಿಗೆ ಹೆದರಿ ಹಳಿ ದಾಟುವುದನ್ನು ಯಾವ ನಿಲ್ದಾಣದಲ್ಲಾದರೂ ನೋಡಬಹುದು.

ಕವಚ್ ಇದ್ದಿದ್ದರೆ ಬಾಲೇಶ್ವರದ ದುರಂತ ತಪ್ಪುತ್ತಿತ್ತೇ? ನಮ್ಮ ಹೊಸ ಮಾರ್ಗಕ್ಕೆ ಅದನ್ನು ಹಾಕಲು ಎಷ್ಟು ಬೇಕು?

ಲೋಕೊ ಪೈಲಟ್ ಕೆಂಪು ಸಿಗ್ನಲ್ ದಾಟಲು ಹೊರಟರೆ, ವೇಗ ಮಿತಿ ಮೀರಿದರೆ ಕವಚ್ ತಾನಾಗಿ ಬ್ರೇಕ್ ಹಾಕುತ್ತದೆ. ಒಡಿಶಾದ ಬಾಲೇಶ್ವರದಲ್ಲಿ 2023ರ ಜೂನ್ 2ರಂದು ಆದದ್ದು ಬೇರೆ. ಅಲ್ಲಿ ಸಿಗ್ನಲ್ ಸರ್ಕಿಟ್ ಬದಲಿಸುವಾಗ ಆದ ಲೋಪದಿಂದ ಗೂಡ್ಸ್ ರೈಲು ನಿಂತಿದ್ದ ಲೂಪ್ ಹಳಿಗೆ ಎಕ್ಸ್‌ಪ್ರೆಸ್ ಹೋಯಿತು, ಆದರೂ ಸಿಗ್ನಲ್ ಹಸಿರೇ ಇತ್ತು. ಸಿಗ್ನಲ್ಲೇ ಸುಳ್ಳು ಹೇಳಿದರೆ ಅದನ್ನು ನಂಬುವ ಕವಚ್ ಏನು ಮಾಡೀತು? ದುರಸ್ತಿಯ ಬಳಿಕ ಪೂರ್ತಿ ಪರೀಕ್ಷೆ ಮಾಡದೆ ರೈಲು ಬಿಡಬಾರದೆಂಬ ಶಿಸ್ತಿಗೆ ಯಂತ್ರ ಬದಲಿಯಾಗದು.

ರೈಲ್ವೆಯ ಲೆಕ್ಕದಲ್ಲಿ ಕವಚ್‌ಗೆ ಹಳಿಯ ಬದಿಯ ಉಪಕರಣಕ್ಕೆ ಕಿ.ಮೀ.ಗೆ ಸುಮಾರು 50 ಲಕ್ಷ, ಪ್ರತಿ ಎಂಜಿನ್ನಿಗೆ ಸುಮಾರು 80 ಲಕ್ಷ ಬೇಕು. ತುಮಕೂರು–ದಾವಣಗೆರೆಯ 191 ಕಿ.ಮೀ.ಗೆ ಹಳಿ ಬದಿಗೆ ಮಾತ್ರ 95 ಕೋಟಿಯಷ್ಟಾಗುತ್ತದೆ. ಎರಡು ಸಾವಿರ ಕೋಟಿ ಮೀರಿದ ಮಾರ್ಗದಲ್ಲಿ ಇದು ದೊಡ್ಡ ಪಾಲಲ್ಲ. ಹಳಿ ಹಾಕುವಾಗಲೇ ಅಳವಡಿಸಿ ಎಂದು ಈಗಲೇ ಒತ್ತಾಯಿಸಬೇಕು.

ಹೊಸ ಹಳಿ ಸಿದ್ಧವಾದರೂ ತಕ್ಷಣ ರೈಲು ಏಕೆ ಬಿಡುವುದಿಲ್ಲ?

ರೈಲ್ವೆ ಸುರಕ್ಷತಾ ಆಯುಕ್ತರು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಇವರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ನಮಗೆ ಸಂಬಂಧಿಸಿದ ದಕ್ಷಿಣ ವೃತ್ತದ ಕಚೇರಿ ಬೆಂಗಳೂರಿನಲ್ಲಿದೆ. ಕಟ್ಟಿದವರೇ ಪರೀಕ್ಷಿಸಬಾರದು ಎಂಬ ಈ ಏರ್ಪಾಡು ಬಹಳ ಒಳ್ಳೆಯದು. ಉದ್ಘಾಟನೆಯ ದಿನಾಂಕಕ್ಕಾಗಿ ಅವರನ್ನು ಅವಸರಪಡಿಸುವುದು ಬೇಡ.

ನಮ್ಮೂರ ಕೆಲಸಕ್ಕೆ ಯಾರಿಗೆ, ಯಾವಾಗ ಮನವಿ ಕೊಡಬೇಕು?

ಬಜೆಟ್ ಫೆಬ್ರುವರಿ 1ಕ್ಕೆ. ಅದಕ್ಕೆ ಸೇರುವ ಪಟ್ಟಿ ವಿಭಾಗದಿಂದ ವಲಯಕ್ಕೆ, ಅಲ್ಲಿಂದ ರೈಲ್ವೆ ಮಂಡಳಿಗೆ ತಿಂಗಳುಗಳ ಮೊದಲೇ ಹೊರಡುತ್ತದೆ. ಜನವರಿಯಲ್ಲಿ ಕೊಟ್ಟ ಮನವಿ ಮುಂದಿನ ವರ್ಷದ್ದು. ಮುಂಗಾರಿನ ಹೊತ್ತಿಗೇ ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಕೊಡಿ. ರಾಜ್ಯದ ಪಾಲು ಇರುವ ಕಾಮಗಾರಿಯಾದರೆ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಸಂಸದರಿಗೂ ಕೊಡಿ. ವಿಭಾಗ ಮಟ್ಟದ ರೈಲು ಬಳಕೆದಾರರ ಸಲಹಾ ಸಮಿತಿಯ ಸದಸ್ಯರ ಮೂಲಕ ಸಭೆಯಲ್ಲಿ ಎತ್ತಿಸಿದರೆ ಲಿಖಿತ ಉತ್ತರ ಬರುತ್ತದೆ.

ಮನವಿ ಒಂದೇ ಪುಟ ಇರಲಿ. ಗೇಟಿನ ಸಂಖ್ಯೆ ಮತ್ತು ಕಿಲೋಮೀಟರ್ ಕಲ್ಲಿನ ಸಂಖ್ಯೆ ಕಡ್ಡಾಯ. ‘ಬಸವಣ್ಣನ ಗುಡಿ ಹತ್ತಿರದ ಗೇಟ್’ ಎಂದರೆ ಮೈಸೂರಿನಲ್ಲಿ ಕೂತವರಿಗೆ ತಿಳಿಯದು. ವಾಹನ ಎಣಿಕೆಯ ಪಟ್ಟಿ, ಶಾಲೆ ಮತ್ತು ಆಸ್ಪತ್ರೆ ಎಷ್ಟು ದೂರ ಎಂಬ ವಿವರ, ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಡತ ಈಗ ಯಾವ ಮೇಜಿನಲ್ಲಿದೆ ಎಂದು ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ. ಹಳಿ ಬಿರುಕು, ಗೇಟ್ ಕೆಟ್ಟುನಿಂತಿರುವುದು ಇಂಥ ತುರ್ತಿಗೆ ಅರ್ಜಿ ಬರೆಯುತ್ತಾ ಕೂರಬೇಡಿ. ಹತ್ತಿರದ ಗೇಟ್‌ಮನ್‌ಗೆ ಅಥವಾ ಸ್ಟೇಷನ್ ಮಾಸ್ಟರ್‌ಗೆ ಓಡಿ ಹೇಳಿ, 139ಕ್ಕೂ ಕರೆ ಮಾಡಿ.